ಅಪ್ಪಯ್ಯನ ಗಡ್ಡ, ಅಜ್ಜನ ಕತ್ತಿ

ಗಡ್ಡ ತೆಗೆಯುವುದನ್ನು ನಾನು ಕಲಿತದ್ದು ಪಪ್ಪಾಯಿ ಕಾಯಿಯ ಮೇಲೆ. ಹೀಗೆಂದರೆ ನಮ್ಮ ಶಾಲೆಯ ಮಾಸ್ತರರೆಲ್ಲ ನಗುತ್ತಾರೆ. ನಗಲಿ ಎಂದೇ ನಾನೂ ಹೇಳುತ್ತೇನೆ. ಅವರಲ್ಲಿ ಹೊಸದಾಗಿ ಸೇರಿದ ಒಬ್ಬನಿಗೆ ಈಚೆಗೆ ಮಡಚುವ ಕತ್ತಿಯಲ್ಲಿ ಗಡ್ಡ ಹೆರೆದುಕೊಳ್ಳುವ ಹುಚ್ಚು ಹತ್ತಿದೆ. ಫೋನಿನಲ್ಲಿ ವೀಡಿಯೋ ನೋಡಿ ಕತ್ತಿ, ಅದನ್ನು ಮಸೆಯಲು ನಮೂನೆ ನಮೂನೆಯ ಕಲ್ಲು, ಚರ್ಮದ ಪಟ್ಟಿ, ಕುಂಚ, ಬಟ್ಟಲು ಎಂದು ಸಂಬಳವನ್ನೆಲ್ಲ ಸುರಿಯಲು ಹೊರಟಿದ್ದ. ಅಷ್ಟೆಲ್ಲ ಬೇಡ ಮಾರಾಯ, ಹಳೆಯದೊಂದು ಕತ್ತಿ, ಹಳೆಯದೊಂದು ಚರ್ಮದ ಪಟ್ಟಿ, ಮೀಯುವ ಸೋಪು, ಒಂದು ತುಂಡು ಪಟಿಕ ಇದ್ದರೆ ಧಾರಾಳವಾಯಿತು ಎಂದೆ. ನಿಮಗೆ ಇದೆಲ್ಲ ಹೇಗೆ ಗೊತ್ತು ಸರ್ ಎಂದು ಬೆರಗಾಗಿ ಕೇಳಿದ. ಪಪ್ಪಾಯಿಯ ಕಥೆ ಹೇಳಿ ನಗಿಸಿ ಕಳಿಸಿದೆ. ಆ ಕಥೆಗೆ ಮುಂದಿನ ಭಾಗವೊಂದಿದೆ. ಅದನ್ನು ಇಷ್ಟು ವರ್ಷಗಳಾದರೂ ಯಾರೆದುರೂ ಹೇಳಿಲ್ಲ, ನಗು ಬರುವಲ್ಲಿಗೇ ನಿಲ್ಲಿಸುತ್ತೇನೆ. ಬರೆಯುವಾಗ ಎದುರಿಗೆ ಯಾರೂ ಇರುವುದಿಲ್ಲವಲ್ಲ, ಆ ಧೈರ್ಯದ ಮೇಲೆ ಇಲ್ಲಿ ಮುಂದುವರಿಸುತ್ತಿದ್ದೇನೆ.

ಆಗ ನಾವು ಶಿರಸಿಯಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ಒಂದು ದೊಡ್ಡ ಮನೆಗೆ ನಡುವೆ ಗೋಡೆ ಎಬ್ಬಿಸಿ ಎರಡು ಮಾಡಿದ್ದರು. ಆಚೆಯದರಲ್ಲಿ ಲಾರಿ ಓಡಿಸಿ ನಿವೃತ್ತನಾದ ಖಾದರ್ ಚಾಚಾನ ಸಂಸಾರ, ಈಚೆಯದರಲ್ಲಿ ನಾವು. ಗೋಡೆ ಎಷ್ಟು ತೆಳುವೆಂದರೆ ಅವರ ಮನೆಯ ಒಗ್ಗರಣೆಗೆ ನಮ್ಮ ಮನೆಯಲ್ಲಿ ಸೀನು ಬರುತ್ತಿತ್ತು. ನಮ್ಮ ಪಾಲಿಗೆ ಒಂದು ಜಗುಲಿ, ಎಲ್ಲರೂ ಮಲಗುವ ಒಂದು ಕೋಣೆ, ಬಚ್ಚಲು ಅಂಟಿಕೊಂಡಿದ್ದ ಅಡಿಗೆಮನೆ, ಹಿಂದುಗಡೆ, ಚಾಚಾನದಕ್ಕೂ ನಮ್ಮದಕ್ಕೂ ನಡುವೆ ಎದೆಯೆತ್ತರದ ಗೋಡೆ ಇದ್ದ ಹಿತ್ತಿಲು. ಅಪ್ಪಯ್ಯ ಬಸ್ ಕಂಡಕ್ಟರ್. ಶಿರಸಿಯಿಂದ ಸಿದ್ದಾಪುರದ ಮೇಲೆ ಬಿಳಗಿಗೆ ಹೋಗಿ ಬರುವ ಗಾಡಿ ಅವನದು. ಮನೆಗೆ ಬಂದವನು ಜಗುಲಿಯ ಗೂಟಕ್ಕೆ ಚರ್ಮದ ಚೀಲ ನೇತುಹಾಕಿ, ಕೈಕಾಲು ತೊಳೆದು, ಊಟಕ್ಕೆ ಕೂತನೆಂದರೆ ಆ ದಿನದ ಪ್ರಯಾಣಿಕರೆಲ್ಲ ನಮ್ಮ ಪಂಕ್ತಿಗೆ ಬರುತ್ತಿದ್ದರು. ಯಾರ ಮಗಳ ಮದುವೆ ನಿಕ್ಕಿಯಾಯಿತು, ಯಾರು ಯಾರೊಡನೆ ಮಾತು ಬಿಟ್ಟರು, ಎಲ್ಲ ಅಪ್ಪಯ್ಯನಿಗೆ ಗೊತ್ತು. ಆಯಿ, ಎಂದರೆ ನನ್ನ ತಾಯಿ, ತಂಬುಳಿ ಬಡಿಸುತ್ತ, ಮುಂದೆಂತಾತು, ಮುಂದೆಂತಾತು ಎಂದು ಕೇಳುವಳು. ಅವಳು ಆ ಬಸ್ಸು ಹತ್ತಿದ್ದೇ ಅಪರೂಪ, ಆದರೆ ಆ ದಾರಿಯ ಪ್ರತಿ ಮನೆಯ ಸುಖದುಃಖ ಅವಳ ಬಾಯಲ್ಲಿತ್ತು.

ನನ್ನ ನಂತರ ಆಯಿಗೆ ಬಸಿರು ನಿಂತಿರಲಿಲ್ಲ. ಒಂದೆರಡು ಸಲ ಆಗಿ ಹೋದದ್ದನ್ನು ನಾನು ದೊಡ್ಡವರ ಪಿಸುಮಾತಿನಿಂದ ತಿಳಿದಿದ್ದೆ. ನಾನು ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದಾಗ, ಇನ್ನು ಮುಗಿಯಿತು ಎಂದು ಎಲ್ಲರೂ ಕೈಬಿಟ್ಟ ಹೊತ್ತಿಗೆ, ಆಯಿ ಮತ್ತೆ ಬಸುರಿಯಾದಳು. ಅವಳ ತಾಯಿ, ನಮ್ಮ ಅಮ್ಮಮ್ಮ, ಉಮ್ಮಚಗಿಯಿಂದ ಟ್ರಂಕು ಸಮೇತ ಬಂದಿಳಿದು ಮನೆಯ ಯಜಮಾನಿಕೆ ವಹಿಸಿಕೊಂಡಳು. ಆಯಿ ಭಾರ ಎತ್ತುವಂತಿಲ್ಲ, ಬಾಗಿಲ ಹೊಸ್ತಿಲ ಮೇಲೆ ಕೂರುವಂತಿಲ್ಲ, ಪಪ್ಪಾಯಿಯನ್ನು ಕಣ್ಣೆತ್ತಿಯೂ ನೋಡುವಂತಿಲ್ಲ. ಅಪ್ಪಯ್ಯನಿಗೂ ಕಟ್ಟಳೆಗಳಿದ್ದವು. ಅವುಗಳಲ್ಲಿ ಮುಖ್ಯವಾದದ್ದು ಗಡ್ಡ. ಹೆಂಡತಿ ಬಸುರಿಯಾದರೆ ಹೆರಿಗೆಯಾಗುವ ತನಕ ಗಂಡ ಕ್ಷೌರ ಮಾಡಿಸಿಕೊಳ್ಳಬಾರದು ಎಂಬುದು ನಮ್ಮ ಕಡೆಯ ಹಳೆಯ ರೂಢಿ. ಈಗ ಬಹಳ ಮಂದಿ ಬಿಟ್ಟಿದ್ದಾರೆ, ಆಗಲೂ ಪೇಟೆಯವರು ಬಿಡುತ್ತ ಬಂದಿದ್ದರು. ಅಪ್ಪಯ್ಯ ಅಂಥ ಮಡಿವಂತನೇನಲ್ಲ. ಆದರೆ ಹಿಂದೆ ಕಳೆದುಕೊಂಡದ್ದರ ಅಳುಕಿತ್ತು. ಅಮ್ಮಮ್ಮ ಅಳಿಯನೊಡನೆ ನೇರ ಮಾತಾಡುತ್ತಿರಲಿಲ್ಲ. ನನ್ನನ್ನು ಮುಂದೆ ನಿಲ್ಲಿಸಿಕೊಂಡು, ಅವನಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳುವಳು.

"ಮಾಣಿ, ನಿನ್ನ ಅಪ್ಪಯ್ಯಂಗೆ ಹೇಳು. ಗಡ್ಡ ತೆಗಿಲಾಗ. ಮರ್ತು ಕೈ ಹಾಕಿಬಿಟ್ರೆ ಹೇಳಿ ಸಾಮಾನೆಲ್ಲ ಆನೇ ತೆಗೆದು ಇಟ್ಟಿದ್ದೆ."

ಹಾಗೆ ಅಪ್ಪಯ್ಯನ ಬ್ಲೇಡು ಹಾಕುವ ಮಷಿನ್ನು, ಕುಂಚ, ಸೋಪಿನ ಡಬ್ಬಿ ಎಲ್ಲ ಒಂದು ವಸ್ತ್ರದಲ್ಲಿ ಗಂಟಾಗಿ ಅವಳ ಟ್ರಂಕಿನ ತಳ ಸೇರಿದವು.

ಗಡ್ಡ ಬೆಳೆಯಿತು. ಅಲ್ಲಲ್ಲಿ ನರೆತ, ಕಿವಿಯ ಹತ್ತಿರ ಸುರುಳಿ ಸುತ್ತಿಕೊಂಡ ಗಡ್ಡ. ಬಸ್ಸಿನಲ್ಲಿ ತಪಾಸಣೆಗೆ ಬಂದ ಸಾಹೇಬರು ಇದೇನು ಅವತಾರ ಎಂದು ಕೇಳಿದರೆ, "ಮನೆಯಲ್ಲಿ ಸ್ವಲ್ಪ ವಿಶೇಷ ಇದೆ ಸರ್" ಎಂದು ನಾಚಿಕೊಂಡು ಹೇಳಿದನಂತೆ. ವಿಶೇಷ ಎಂದರೆ ಏನೆಂದು ನಮ್ಮ ಕಡೆ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಬಿಳಗಿಯ ತನಕ ಸುದ್ದಿ ಹಬ್ಬಲು ಒಂದೇ ಸರ್ತಿ ಸಾಕಾಯಿತು. ಅಪ್ಪಯ್ಯ ಆ ಗಡ್ಡವನ್ನು ಸವರಿಕೊಳ್ಳುತ್ತ ಟಿಕೆಟ್ ಹರಿಯುತ್ತಿದ್ದ. ಅವನು ಅಷ್ಟು ಹಗುರಾಗಿ ಓಡಾಡಿದ್ದನ್ನು ನಾನು ಮೊದಲು ಕಂಡಿರಲಿಲ್ಲ.

ನನಗೆ ಮಾತ್ರ ಭೂಮಿ ಬಾಯಿ ಬಿಡಬಾರದೇ ಅನಿಸುತ್ತಿತ್ತು. ಮೂಗಿನ ಕೆಳಗೆ ಬೂದಿ ಬಳಿದಂತೆ ಮೀಸೆ ಚಿಗುರುತ್ತಿದ್ದ ವಯಸ್ಸು. ಗಂಡಸು ಹೆಂಗಸು ಎಂದರೆ ಏನೆಂದು ಅರೆಬರೆ ತಿಳಿದು, ತಿಳಿದದ್ದಕ್ಕೆಲ್ಲ ಹೇಸಿಗೆಪಡುವ ವಯಸ್ಸು. ಅಂಥ ಹೊತ್ತಿನಲ್ಲಿ ನನ್ನ ಅಪ್ಪನೇ ತನ್ನ ಮುಖಕ್ಕೆ ಡಂಗುರ ಕಟ್ಟಿಕೊಂಡು ಊರೆಲ್ಲ ತಿರುಗುತ್ತಿದ್ದ. ಸಿದ್ದಾಪುರದ ದಾರಿಯ ಹಳ್ಳಿಗಳಿಂದ ಅವನ ಬಸ್ಸಿಗೇ ಬರುವ ಹುಡುಗರು ನನ್ನ ತರಗತಿಯಲ್ಲಿದ್ದರು. ಒಂದು ದಿನ ಊಟದ ಬಿಡುವಿನಲ್ಲಿ ಅವರಲ್ಲೊಬ್ಬ ಎಲ್ಲರಿಗೂ ಕೇಳುವಂತೆ ವಿಚಾರಿಸಿದ.

"ಏ, ನಿಮ್ಮಪ್ಪನ ಗಡ್ಡಕ್ಕೆ ಈಗ ಎಷ್ಟು ತಿಂಗಳೋ?"

ಇಡೀ ಸಾಲು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅಂದಿನಿಂದ ಅದು ದಿನದ ಪ್ರಶ್ನೆಯಾಯಿತು. ನಾನು ಬುತ್ತಿ ಒಯ್ಯುವುದನ್ನು ಬಿಟ್ಟೆ. ಮನೆಯಲ್ಲಿ ಆಯಿಯ ಮುಖ ನೋಡಿ ಮಾತಾಡುವುದನ್ನೂ ಬಿಟ್ಟೆ. ಅವಳು ಅಪ್ಪೆಹುಳಿ ಬೇಕೆಂದು ಆಸೆಪಟ್ಟು ಮಾವಿನ ಮಿಡಿಯ ಭರಣಿ ಇಳಿಸಿಕೊಡು ಎಂದು ಕರೆದರೆ, ಕೇಳಿಸದವನಂತೆ ಹಿತ್ತಿಲಿಗೆ ಹೋಗುತ್ತಿದ್ದೆ.

ಹುಡುಗರು ನನ್ನ ಕುರುಚಲು ಮೀಸೆಯನ್ನೂ ಬಿಡಲಿಲ್ಲ. ಮಗನೂ ಶುರು ಮಾಡಿದ್ದಾನೆ, ಇವನ ಮನೆಯಲ್ಲೂ ವಿಶೇಷವಿರಬೇಕು ಎಂದರು. ಅದನ್ನಾದರೂ ತೆಗೆದೇಬಿಡಬೇಕೆಂದು ಹಟ ಬಂತು. ಮಷಿನ್ನು ಅಮ್ಮಮ್ಮನ ಟ್ರಂಕಿನಲ್ಲಿ. ಹೊಸದು ಕೊಡಿಸು ಎಂದರೆ ಅಪ್ಪಯ್ಯ, "ಹೆರಿಗೆ ಖರ್ಚೊಂದು ಕಳಿಲಿ ತಡಿ" ಎಂದ. ಕ್ಷೌರದ ಅಂಗಡಿಗೆ ಹೋಗಲು ಕೈಯಲ್ಲಿ ಕಾಸಿರಲಿಲ್ಲ, ಇದ್ದಿದ್ದರೂ ಅಲ್ಲಿನ ಬೆಂಚಿನ ಮೇಲೆ ಕೂತವರ ಬಾಯಿಗೆ ಹೆದರಿ ಹೋಗುತ್ತಿರಲಿಲ್ಲ. ಆಗ ನೆನಪಾದದ್ದು ಅಪ್ಪಯ್ಯನ ಅಪ್ಪ ಬಳಸುತ್ತಿದ್ದ ಮಡಚುವ ಕತ್ತಿ. ಅಜ್ಜ ಸತ್ತ ಮೇಲೆ ಅದು ಹಳೆಯ ಬೀಗ, ತುಕ್ಕು ಹಿಡಿದ ಮೊಳೆಗಳ ಜೊತೆ ಅಟ್ಟದ ಮೇಲಿನ ಡಬ್ಬದಲ್ಲಿತ್ತು. ತೆಗೆದು ನೋಡಿದರೆ ಕೊಂಬಿನ ಹಿಡಿ ಸೀಳಿತ್ತು, ಅಲಗಿನ ಮೇಲೆ ಮಸುಕು. ಯಾರಿಗೂ ತೋರಿಸದೆ ಹಿತ್ತಿಲಿಗೆ ಒಯ್ದು, ಬಾಲ್ದಿಯ ನೀರಿನಲ್ಲಿ ಮುಖ ನೋಡಿಕೊಳ್ಳುತ್ತ ಮೂಗಿನ ಕೆಳಗೆ ಒಂದು ಎಳೆದೆ. ಮೀಸೆ ಹೋಗಲಿಲ್ಲ, ತುಟಿ ಹರಿಯಿತು. ಆಚೆಯ ಗೋಡೆಯಿಂದ ಖಾದರ್ ಚಾಚಾನ ದನಿ ಬಂತು.

"ಅರೆ ಅರೆ! ಹುಲ್ಲು ಕೊಯ್ಯಾಕ ಹೊಂಟೀ ಏನ್ ಬೇಟಾ? ಇಲ್ಲಿ ಕೊಡು ಅದನ್ನ."

ಚಾಚಾ ಲಾರಿಯವನು. ಹುಬ್ಬಳ್ಳಿ ಕಡೆಯಲ್ಲಿ ಹುಟ್ಟಿ, ಸರಕು ಹೇರಿಕೊಂಡು ಊರೂರು ಸುತ್ತಿ, ಕೊನೆಗೆ ಶಿರಸಿಯಲ್ಲಿ ನೆಲೆನಿಂತವನು. ದಾರಿಯಲ್ಲೆಲ್ಲೋ ಗಾಡಿ ನಿಲ್ಲಿಸಿ, ಅದರ ಕನ್ನಡಿಯಲ್ಲೇ ನೋಡಿಕೊಂಡು ಇಂಥದೇ ಕತ್ತಿಯಲ್ಲಿ ಕೆನ್ನೆ ಹೆರೆದು, ದಾಡಿಯ ಅಂಚು ತೀಡಿಕೊಳ್ಳುವ ಅಭ್ಯಾಸ ಅವನಿಗೆ. ಕತ್ತಿಯನ್ನು ಬೆಳಕಿಗೆ ಹಿಡಿದು ನೋಡಿ, ಕಬ್ಬಿಣ ಒಳ್ಳೆಯದಿದೆ, ಬಾಯಿ ಮಾತ್ರ ಹೋಗಿದೆ ಎಂದ. ಮಸೆಯಲು ಕಲ್ಲು ಎಲ್ಲಿಂದ ತರುವುದು ಎಂದು ನಾನು ಕೇಳಿದೆ. ಅವನು ಒಳಗಿನಿಂದ ಚಹಾದ ಪಿಂಗಾಣಿ ಬಸಿಯೊಂದನ್ನು ತಂದು ಬೋರಲು ಹಾಕಿದ. ಅದರ ತಳದಲ್ಲಿ ಹೊಳಪಿಲ್ಲದ, ಕೊಂಚ ಒರಟಾದ ಬಳೆಯಂಥ ಒಂದು ಅಂಚು ಇರುತ್ತದಲ್ಲ, ಅದರ ಮೇಲೆ ನೀರು ಚಿಮುಕಿಸಿ ಕತ್ತಿಯನ್ನು ಮಲಗಿಸಿ ಆಡಿಸತೊಡಗಿದ. ಎರಡು ಮಗ್ಗುಲೂ ಸಮ ಬರಬೇಕು, ಒತ್ತಬಾರದು. ಅದಾದ ಮೇಲೆ ಚರ್ಮ. ಅಪ್ಪಯ್ಯನ ಹಳೆಯ ಕಂಡಕ್ಟರ್ ಚೀಲ ಹರಿದುಹೋಗಿ ಅದರ ಪಟ್ಟಿಯೊಂದು ಮೂಲೆಯಲ್ಲಿ ಬಿದ್ದಿತ್ತು. ವರ್ಷಗಟ್ಟಲೆ ಅವನ ಹೆಗಲಿಗೆ ಉಜ್ಜಿ ನುಣುಪಾದ ಚರ್ಮ. ಅದರ ಒಂದು ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿ, ಇನ್ನೊಂದು ತುದಿಯನ್ನು ಬಿಗಿಯಾಗಿ ಎಳೆದು ಹಿಡಿದು, ಕತ್ತಿಯನ್ನು ಅದರ ಮೇಲೆ ಅತ್ತಿಂದಿತ್ತ ಎಳೆಯಬೇಕು.

"ಬೆನ್ನು ಮುಂದ, ಬಾಯಿ ಹಿಂದ. ಹೊರಳಿಸೋದೂ ಬೆನ್ನಿನ ಮ್ಯಾಲೇ. ಇಲ್ಲಾಂದ್ರ ಪಟ್ಟಿನೇ ಕೊಯ್ತದ ನೋಡು."

ಮೊದಲ ದಿನವೇ ಪಟ್ಟಿ ಕೊಯ್ದೆ. ಚಾಚಾ ತಲೆಗೊಂದು ಮೊಟಕಿದ. ಮುಖಕ್ಕೆ ಕತ್ತಿ ಮುಟ್ಟಿಸಲು ಬಹಳ ದಿನ ಬಿಡಲೇ ಇಲ್ಲ. ನಮ್ಮ ಹಿತ್ತಿಲ ಪಪ್ಪಾಯಿ ಗಿಡವನ್ನು ತೋರಿಸಿ, ಅದರ ಗಡ್ಡ ತೆಗಿ ಮೊದಲು ಎಂದ. ಆಯಿಗೆ ಆಗದೆಂದು ಅಮ್ಮಮ್ಮ ಆ ವರ್ಷ ಪಪ್ಪಾಯಿಯನ್ನು ಮನೆಯೊಳಗೇ ತರಗೊಡದ್ದರಿಂದ ಗಿಡದ ತುಂಬ ಕಾಯಿ. ಒಂದನ್ನು ಕಿತ್ತು, ತೊಡೆಯ ಮೇಲಿಟ್ಟುಕೊಂಡು, ಮೀಯುವ ಸೋಪಿನ ನೊರೆ ಬಳಿದು, ಆ ನೊರೆಯನ್ನಷ್ಟೇ ಕತ್ತಿಯಲ್ಲಿ ಸವರಿ ತೆಗೆಯಬೇಕು. ಸಿಪ್ಪೆಗೆ ಚೂರು ಗೀರಿದರೂ ಬಿಳಿಯ ಹಾಲು ಒಸರುತ್ತದೆ. ಹಾಲು ಬಂತೆಂದರೆ ರಕ್ತ ಬಂದ ಲೆಕ್ಕ. ಕತ್ತಿಯ ಬೆನ್ನು ಮೈಗೆ ಹತ್ತಿರವಿದ್ದು ಮಲಗಿದಂತಿರಬೇಕು, ಎದ್ದು ನಿಂತರೆ ಕೊಯ್ಯುತ್ತದೆ, ಪೂರ್ತಿ ಮಲಗಿದರೆ ಎಳೆಯುತ್ತದೆ ಎಂಬುದೆಲ್ಲ ನನ್ನ ಬೆರಳಿಗೆ ತಿಳಿದದ್ದು ಹಾಗೆ. ಬೇಲಿಯ ಬುಡದಲ್ಲಿ ಸಾಬೂನಿನ ವಾಸನೆಯ ಕಾಯಿಗಳು ಬಿದ್ದಿರುವುದನ್ನು ಕಂಡು ಅಮ್ಮಮ್ಮ ಕಂಗಾಲಾದಳು.

"ಅಯ್ಯೋ, ಪಪ್ಪಾಯಿಗೆ ಯಾರಾ ಮೀಯಿಸಿದ್ದು?"

ಆಯಿ ಬಿದ್ದು ಬಿದ್ದು ನಕ್ಕಳು. ಅವಳಿಗೆ ಅದು ನನ್ನದೇ ಕೆಲಸವೆಂದು ಗೊತ್ತಿತ್ತು. ಹೊಟ್ಟೆ ಹಿಡಿದುಕೊಂಡು, ನಗು ತಡೆಯಲಾರದೆ, ನನ್ನತ್ತ ನೋಡಿದಳು. ನಾನು ನಗಲಿಲ್ಲ. ಆ ನೋಟಕ್ಕೆ ಒಂದು ನಗು ತಿರುಗಿ ಕೊಟ್ಟಿದ್ದರೆ ನನ್ನ ಗಂಟೇನು ಹೋಗುತ್ತಿತ್ತು ಎಂದು ಈಗ ಎಷ್ಟೋ ಸಲ ಅನಿಸುತ್ತದೆ.

ಕೊನೆಗೆ ಒಂದು ಭಾನುವಾರ ಚಾಚಾ ತನ್ನ ಹಿತ್ತಿಲಲ್ಲಿ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ಕೈಗೆ ಕನ್ನಡಿ ಕೊಟ್ಟು, ಇವತ್ತು ನಿನ್ನ ಮುಖ ಎಂದ. ಬಿಸಿನೀರಿನ ಬಟ್ಟೆ ಇಟ್ಟು ಕೂದಲು ಮೆತ್ತಗಾಗಿಸಿ, ಎಡಗೈಯಲ್ಲಿ ಚರ್ಮ ಬಿಗಿಹಿಡಿದು, ಕೂದಲು ಬೆಳೆದ ದಿಕ್ಕಿಗೇ ಚಿಕ್ಕ ಚಿಕ್ಕದಾಗಿ ಎಳೆದೆ. ಸರ್ರ್ ಎಂದು ಸಣ್ಣ ಸದ್ದು ಬಂತು. ಮೂಗಿನ ಕೆಳಗೆ ಬೆರಳಾಡಿಸಿದರೆ ನುಣುಪು. ನನ್ನ ಸಂತೋಷಕ್ಕೆ ಮೇರೆಯೇ ಇರಲಿಲ್ಲ. ಚಾಚಾ ಪಟಿಕದ ತುಂಡನ್ನು ಒದ್ದೆ ಮಾಡಿ ಉಜ್ಜುತ್ತ, ಅಪ್ಪನ ಗಡ್ಡವನ್ನೂ ನೀನೇ ತೆಗಿ ಹಂಗಾದ್ರ, ಮಗು ಬಂದ ದಿನ, ಎಂದು ಹಾಸ್ಯ ಮಾಡಿದ. ಅಲ್ಲಿಗೆ ನನ್ನ ಸಂತೋಷ ಮುಗಿಯಿತು. ಶಾಲೆಯ ನಗೆಯೆಲ್ಲ ಒಟ್ಟಿಗೆ ಕಿವಿಗೆ ಬಂತು. ಸಿಟ್ಟು ಬಂದು, ಸ್ವಲ್ಪ ಗಟ್ಟಿಯಾಗಿಯೇ ಹೇಳಿಬಿಟ್ಟೆ.

"ಎಲ್ಲ ನಗ್ತಾರೆ ಚಾಚಾ. ನಂಗೆ ಶಾಲೆಗೆ ಹೋಗೋಕಾಗೋದಿಲ್ಲ. ಆ ಮಗು ಆಗದೇ ಇದ್ರೇ ಚೊಲೋ ಇತ್ತು."

ಚಾಚಾ ಪಟಿಕವನ್ನು ಕೆಳಗಿಟ್ಟ. ಎರಡೂ ಕೆನ್ನೆ ಮುಟ್ಟಿಕೊಂಡ.

"ತೌಬಾ, ತೌಬಾ. ಹಂಗ ಅನ್ನಬಾರದು ಬೇಟಾ. ಮನ್ಯಾಗಿನ ಮಾತು ದೇವ್ರು ಕೇಳ್ತಾನ."

ದೇವರು ಕೇಳಿದನೋ ಇಲ್ಲವೋ. ನಾನು ಎದ್ದು ನಿಂತಾಗ ಗೋಡೆಯ ಆಚೆ, ನಮ್ಮ ಹಿತ್ತಿಲಲ್ಲಿ, ಆಯಿಯ ಸೀರೆ ಆಗಷ್ಟೇ ತಂತಿಯ ಮೇಲೆ ಹರವಿ ಬಿಟ್ಟಂತೆ ತೂಗುತ್ತಿತ್ತು, ಅದರಿಂದ ನೀರು ತೊಟ್ಟಿಕ್ಕುತ್ತಿತ್ತು. ಆಯಿ ಅಲ್ಲಿರಲಿಲ್ಲ. ಒಳಗೆ ಹೋಗಿ ನೋಡಿದರೆ ಅಡಿಗೆಮನೆಯಲ್ಲಿ ತೆಂಗಿನಕಾಯಿ ತುರಿಯುತ್ತಿದ್ದಳು. ಮೀಸೆ ಹೋದ ನನ್ನ ಮುಖವನ್ನು ಒಂದು ಕ್ಷಣ ದಿಟ್ಟಿಸಿ, ಚೊಲೋ ಕಾಣ್ತು ಎಂದಳು, ಅಷ್ಟೇ. ಕೇಳಿಸಿರಲಿಕ್ಕಿಲ್ಲ ಎಂದು ನಾನು ಸಮಾಧಾನ ಮಾಡಿಕೊಂಡೆ.

ಅದಾಗಿ ಹೆಚ್ಚು ದಿನ ಕಳೆದಿರಲಿಲ್ಲ. ಒಂದು ಬೆಳಿಗ್ಗೆ ಆಯಿ, ಮಗು ಅಲ್ಲಾಡಿದ ಹಾಗೇ ಕಾಣ್ತಿಲ್ಲೆ ಎಂದಳು. ಅಪ್ಪಯ್ಯ ರಜೆ ಹಾಕಿ ಅವಳನ್ನೂ ಅಮ್ಮಮ್ಮನನ್ನೂ ಚಾಚಾನ ಅಳಿಯನ ರಿಕ್ಷಾದಲ್ಲಿ ಆಸ್ಪತ್ರೆಗೆ ಕರೆದೊಯ್ದ. ನಾನು ಶಾಲೆಗೆ ಹೋದೆ. ಸಂಜೆ ಬಂದಾಗ ಜಗುಲಿಯ ಮೇಲೆ ಅಪ್ಪಯ್ಯ ಒಬ್ಬನೇ ಕೂತಿದ್ದ. ಹೆಣ್ಣು ಮಗುವಂತೆ. ಹೊಟ್ಟೆಯಲ್ಲೇ ಹೋಗಿತ್ತಂತೆ. ಹೊಕ್ಕುಳ ಬಳ್ಳಿ ಕುತ್ತಿಗೆಗೆ ಸುತ್ತಿಕೊಂಡರೆ ಹೀಗಾಗುವುದುಂಟು, ಯಾರದೂ ತಪ್ಪಲ್ಲ ಎಂದು ಡಾಕ್ಟರು ಹೇಳಿದರಂತೆ. ಅಪ್ಪಯ್ಯ ಇದನ್ನೆಲ್ಲ ಯಾರೋ ಪ್ರಯಾಣಿಕರ ಮನೆಯ ಸುದ್ದಿ ಹೇಳುವವನಂತೆ ಒಂದೇ ದನಿಯಲ್ಲಿ ಹೇಳಿದ. ಯಾರದೂ ತಪ್ಪಲ್ಲ ಎಂಬ ಆ ಮಾತನ್ನು ಡಾಕ್ಟರು ನಾನಾಡಿದ್ದು ಗೊತ್ತಿಲ್ಲದೆ ಹೇಳಿದ್ದಾರೆ ಎಂದೇ ನನಗನಿಸಿತು. ವಿಜ್ಞಾನ ಕಲಿಸುವ ಮಾಸ್ತರನಾದ ಮೇಲೆ ಮಾತಿಗೂ ಬಳ್ಳಿಗೂ ಸಂಬಂಧವಿಲ್ಲವೆಂದು ಚೆನ್ನಾಗಿ ಬಲ್ಲೆ. ಆದರೂ ನನ್ನ ಹೆಂಡತಿ ಬಸುರಿಯಾದಾಗ, ಅವಳು ಎಷ್ಟು ಬೈದರೂ, ಹೆರಿಗೆಯಾಗುವ ತನಕ ನಾನು ಗಡ್ಡ ತೆಗೆಯಲಿಲ್ಲ. ಅದು ನಂಬಿಕೆಯಲ್ಲ, ಬರೀ ಹೆದರಿಕೆ. ಯಾರ ಮನೆಯ ಬಸುರಿಯ ಸುದ್ದಿ ಬಂದರೂ ನಾನು ಬಾಯಿ ಮುಚ್ಚಿಕೊಂಡು ಎದ್ದು ಹೋಗುತ್ತೇನೆ, ಇವನಿಗೆ ಹೊಟ್ಟೆಕಿಚ್ಚು ಎಂದು ಕೆಲವರು ಅಂದುಕೊಂಡಿದ್ದಾರೆ.

ಆಯಿ ಮನೆಗೆ ಬಂದಳು. ಮಗುವಿಲ್ಲದಿದ್ದರೂ ಬಾಣಂತಿ ಬಾಣಂತಿಯೇ. ಕೋಣೆಯ ಮೂಲೆಯಲ್ಲಿ ಅವಳಿಗೆ ಹಾಸಿಗೆ ಹಾಕಿದರು, ಕಿವಿಗೆ ಹತ್ತಿ, ತಲೆಗೆ ಬಟ್ಟೆ. ಅಮ್ಮಮ್ಮ ಎಣ್ಣೆ ಹಚ್ಚಿ ಬಿಸಿನೀರು ಹೊಯ್ಯುವಳು, ಮೆಣಸಿನ ಕಾಳಿನ ಸಾರು ಮಾಡಿ ಬಡಿಸುವಳು. ಎಲ್ಲ ಆಚಾರವೂ ನಡೆಯಿತು, ಮನೆಯಲ್ಲಿ ಅಳು ಮಾತ್ರ ಕೇಳಲಿಲ್ಲ, ಮಗುವಿನದೂ ಇಲ್ಲ, ಆಯಿಯದೂ ಇಲ್ಲ. ಸೂತಕ ಕಳೆದ ದಿನ ಬೆಳಿಗ್ಗೆ ಅಮ್ಮಮ್ಮ ಟ್ರಂಕಿನ ತಳದಿಂದ ಆ ವಸ್ತ್ರದ ಗಂಟು ತೆಗೆದು ಜಗುಲಿಯ ಮೇಲಿಟ್ಟಳು.

"ಮಾಣಿ, ನಿನ್ನ ಅಪ್ಪಯ್ಯಂಗೆ ಹೇಳು. ಇವತ್ತು ಶುದ್ಧ. ಇನ್ನು ಗಡ್ಡ ಇಟ್ಗಂಡು ಎಂತ ಮಾಡದು."

ಅವಳ ದನಿ ಅಷ್ಟು ಮೆತ್ತಗಾದದ್ದು ಅದೇ ಮೊದಲು. ಅಪ್ಪಯ್ಯ ಗಂಟನ್ನು ಬಿಚ್ಚಲಿಲ್ಲ. ಅಷ್ಟು ದಟ್ಟ ಗಡ್ಡಕ್ಕೆ ಬ್ಲೇಡಿನ ಮಷಿನ್ನು ಆಗುವುದೂ ಇಲ್ಲ, ಅದು ಅಂಗಡಿಯ ಕೆಲಸವೇ. ಪೇಟೆಯ ಕ್ಷೌರದವ ಎಷ್ಟೋ ವರ್ಷದ ಪರಿಚಯದವನು. ಆದರೆ ಗಡ್ಡ ಬಿಟ್ಟವನು ಅಂಗಡಿಗೆ ಬಂದು ಕೂತನೆಂದರೆ ನಮ್ಮ ಕಡೆ ಒಂದೇ ಅರ್ಥ. ಕುತ್ತಿಗೆಗೆ ಬಟ್ಟೆ ಕಟ್ಟುವ ಮೊದಲೇ ಗಂಡೋ ಹೆಣ್ಣೋ ಎಂದು ಕೇಳುತ್ತಾನೆ. ಬೆಂಚಿನ ಮೇಲಿದ್ದವರೆಲ್ಲ ಪೇಡೆ ಎಲ್ಲಿ ಎನ್ನುತ್ತಾರೆ. ಅಪ್ಪಯ್ಯ ಹಿತ್ತಿಲ ಬಾಗಿಲಿಗೆ ಹೋಗಿ ನನ್ನನ್ನು ಕರೆದ.

"ನಿಂಗೆ ಬತ್ತು ಅಲ್ದ? ಚಾಚಾ ಹೇಳ್ತಿದ್ದ. ಅಜ್ಜನ ಕತ್ತಿ ತಗಂಡು ಬಾ."

"ಎಂಗೆ ಅಷ್ಟು ಬತ್ತಿಲ್ಲೆ ಅಪ್ಪಯ್ಯ. ನೀನೇ ಕನ್ನಡಿ ಹಿಡ್ಕಂಡು..."

"ಕನ್ನಡಿಲಿ ನೋಡ್ಕ್ಯತ್ತ ತೆಗಿಲೆ ಎನ್ನತ್ರ ಆಗ್ತಿಲ್ಲೆ ಮಗಾ. ನೀನು ತೆಗಿ."

ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಮಣೆ ಹಾಕಿಕೊಂಡು ಅಂಗಿ ಬಿಚ್ಚಿ ಕೂತ. ಮೊದಲು ಕತ್ತರಿಯಲ್ಲಿ ಉದ್ದ ಇಳಿಸಿದೆ. ಕಪ್ಪು ಬಿಳುಪು ಗುಂಗುರು ಅವನ ತೊಡೆಯ ಮೇಲೆ ಬಿದ್ದವು. ಆಮೇಲೆ ಬಿಸಿನೀರಿನ ಬಟ್ಟೆ, ನೊರೆ. ಕಿಟಕಿಗೆ ಕಟ್ಟಿದ ಅವನದೇ ಚೀಲದ ಪಟ್ಟಿಯ ಮೇಲೆ ನಾನು ಕತ್ತಿ ಆಡಿಸುವುದನ್ನು ಅವನು ನೋಡುತ್ತಿದ್ದ. ಅಲಗನ್ನು ಅವನ ಕೆನ್ನೆಗೆ ತಂದೆ. ಅವನು ಕಣ್ಣು ಮುಚ್ಚಿ ಮುಖ ಮೇಲೆತ್ತಿದ. ಈ ಗಡ್ಡ ಹೋಗಲಿ ಎಂದು ತಿಂಗಳುಗಟ್ಟಲೆ ಹಂಬಲಿಸಿದವನು ನಾನೇ. ಈಗ ಅದು ಒಂದೊಂದೇ ಎಳೆತಕ್ಕೆ ಹೋಗುತ್ತಿತ್ತು, ಅದರ ಕೆಳಗಿನಿಂದ ಅಪ್ಪಯ್ಯನ ಹಳೆಯ ಮುಖ, ಬತ್ತಿದ ಮುಖ, ಹೊರಗೆ ಬರುತ್ತಿತ್ತು. ಅದನ್ನು ಮತ್ತೆ ಅಂಟಿಸುವ ಹಾಗಿದ್ದರೆ ನಾನು ಏನು ಬೇಕಾದರೂ ಕೊಡುತ್ತಿದ್ದೆ. ಗದ್ದದ ಕೆಳಗೆ ಬರುವಾಗ ನನ್ನ ಕಣ್ಣು ಮಂಜಾಗಿ ಕತ್ತಿ ಎದ್ದು ನಿಂತಿತು. ನೊರೆ ಕೆಂಪಾಯಿತು. ನಾನು ಅಳತೊಡಗಿದೆ. ಅಪ್ಪಯ್ಯ ಕಣ್ಣು ಬಿಡದೆಯೇ ನನ್ನ ಮಣಿಕಟ್ಟು ಹಿಡಿದು ತಡೆದ.

"ಇರ್ಲಿ, ಒಣಗ್ತು. ಅರ್ಧಕ್ಕೆ ಬಿಡಡ."

ಮುಗಿಸಿ ಪಟಿಕ ಉಜ್ಜಿದೆ. ಹಿಂದೆ ಸೀರೆಯ ಸದ್ದಾಯಿತು. ಬಾಣಂತಿ ಗಾಳಿಗೆ ಬರಬಾರದೆಂದು ಅಮ್ಮಮ್ಮ ಕೂಗುತ್ತಿದ್ದರೂ ಆಯಿ ಎದ್ದು ಬಾಗಿಲಿಗೆ ಬಂದಿದ್ದಳು. ಅಪ್ಪಯ್ಯನ ಹತ್ತಿರ ಬಗ್ಗಿ, ನುಣುಪಾದ ಅವನ ಕೆನ್ನೆಯನ್ನು ಅಂಗೈಯಲ್ಲಿ ಒಮ್ಮೆ ಸವರಿದಳು. ಆಮೇಲೆ ನನ್ನ ತಲೆಯ ಮೇಲೆ ಕೈಯಿಟ್ಟಳು. ಅವಳ ದನಿಯಲ್ಲಿ ಚುಚ್ಚುವ ಧಾಟಿ ಇರಲಿಲ್ಲ. ನನ್ನನ್ನು ಸಮಾಧಾನ ಮಾಡಲೆಂದೇ ಹೇಳಿದಳು.

"ಅಳಡ ಮಗಾ. ಇನ್ನು ಶಾಲೆಲಿ ಯಾರೂ ನಗ್ತ್ವ ಇಲ್ಲೆ."

ಕೇಳಿಸಿಕೊಂಡಿದ್ದಳು. ಅಂದು ಗೋಡೆಯ ಆಚೆ ನಿಂತು ಒದ್ದೆ ಸೀರೆ ಹಿಂಡುತ್ತ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಬೈದಿದ್ದರೆ, ನನ್ನ ಮಗುವಿಗೆ ನಿನ್ನ ಬಾಯಿ ತಾಗಿತು ಎಂದು ಶಪಿಸಿದ್ದರೆ ನಾನು ಉಳಿದುಕೊಳ್ಳುತ್ತಿದ್ದೆನೇನೋ. ಅವಳು ನನ್ನ ಕಣ್ಣೊರೆಸಿ ಒಳಗೆ ಹೋಗಿ ಮಲಗಿದಳು.

ಮರುದಿನ ಅಪ್ಪಯ್ಯ ಕೆಲಸಕ್ಕೆ ಹೊರಟ. ಬಿಳಗಿಯಲ್ಲಿ ಅಮ್ಮಮ್ಮನ ತಂಗಿಯ ಮನೆಯಿತ್ತು, ಅವರು ಬಾಣಂತಿ ಮದ್ದು ಮಾಡಿಟ್ಟಿದ್ದರು. ಅದನ್ನು ತರಲು ನನ್ನನ್ನೂ ಅದೇ ಬಸ್ಸಿಗೆ ಕಳಿಸಿದರು. ಕಂಡಕ್ಟರ್ ಸೀಟಿನ ಹಿಂದಿನ ಕಿಟಕಿಯ ಬಳಿ ಕೂತೆ. ಬಸ್ಸು ಶಿರಸಿ ದಾಟುವ ಮೊದಲೇ ಶುರುವಾಯಿತು. ಅಪ್ಪಯ್ಯನ ನುಣ್ಣನೆಯ ಮುಖ ನೋಡಿದವರೆಲ್ಲರ ಮುಖ ಅರಳುತ್ತಿತ್ತು. ಬಾಯಿ ಬಿಟ್ಟು ನಡೆದದ್ದನ್ನು ಹೇಳಿದರೆ ಆಯಿತಲ್ಲ ಎಂದು ನಾನು ಒಳಗೊಳಗೇ ಕೂಗುತ್ತಿದ್ದೆ. ಆದರೆ ಅಷ್ಟು ಸಂತೋಷದಿಂದ ಕೇಳುವವರಿಗೆ ಅದನ್ನು ಹೇಗೆ ಹೇಳುವುದು? ಸಿದ್ದಾಪುರದಲ್ಲಿ ಒಬ್ಬ ಮುದುಕಿ ಹತ್ತಿದಳು. ಬಿಳಗಿಯಿಂದ ತರಕಾರಿ ತಂದು ಮಾರಿ ಹೋಗುವವಳು, ಅಪ್ಪಯ್ಯನ ದಿನದ ಗಿರಾಕಿ. ಖಾಲಿ ಬುಟ್ಟಿ ಕೆಳಗಿಡುವ ಮೊದಲೇ ದೊಡ್ಡ ದನಿ ತೆಗೆದಳು.

"ಅಯ್ಯೋ ಕಂಡಕ್ಟ್ರೇ, ಗಡ್ಡ ಹೋಯ್ತಲ್ಲ! ಗಂಡೋ ಹೆಣ್ಣೋ?"

ಅಪ್ಪಯ್ಯ ಟಿಕೆಟ್ ಹರಿದು ಅವಳ ಕೈಗಿಟ್ಟ.

"ಹೆಣ್ಣು."

"ಮನೆಗೆ ಲಕ್ಷ್ಮಿ ಬಂದ್ಲು ಬಿಡಿ! ಬಾಣಂತಿ ಆರಾಮಲ್ವ?"

"ಆರಾಮು ಇದಾಳೆ."

ಅವನು ಹೇಳಿದ ಎರಡರಲ್ಲಿ ಒಂದೂ ಸುಳ್ಳಲ್ಲ. ಮುಂದಿನ ಸಾಲಿನವರಿಗೆ ಟಿಕೆಟ್ ಕೊಡಲು ಅವನು ತಿರುಗಿಕೊಂಡಾಗ ಮುದುಕಿ ನನ್ನ ಪಕ್ಕದಲ್ಲೇ ಕೂತಳು. ನೀ ಇವ್ರ ಮಗ ಅಲ್ವನೋ, ಅದೇ ಮೂಗು ಎಂದು ನನ್ನ ಗದ್ದ ಹಿಡಿದಳು.

"ಅಣ್ಣ ಆದ್ಯಲ್ಲ ಮಾರಾಯ! ತಂಗಿ ಹೆಸ್ರು ಎಂತ ಇಡ್ತೀರಿ?"

ಅಪ್ಪಯ್ಯನ ಬೆನ್ನು ನನ್ನ ಕಡೆಗಿತ್ತು. ಟಿಕೆಟ್ ಹರಿಯುತ್ತಿದ್ದ ಅವನ ಕೈ ಹಾಗೇ ನಿಂತಿತು. ಹುಟ್ಟುವ ಮೊದಲೇ ಹೋದವರಿಗೆ ನಮ್ಮಲ್ಲಿ ಹೆಸರಿಡುವುದಿಲ್ಲ. ಅವಳನ್ನು ಬೇಡವೆಂದವನ ಬಾಯಿಗೇ ಆ ಪ್ರಶ್ನೆ ಬಂದಿತ್ತು. ಗೊತ್ತಿಲ್ಲ ಎನ್ನಬಹುದಿತ್ತು. ಇನ್ನೂ ನಾಮಕರಣ ಆಗಿಲ್ಲ ಎನ್ನಬಹುದಿತ್ತು.

"ಮಾಲತಿ," ಎಂದೆ.

ಮುದುಕಿ ಚಂದ ಹೆಸರು ಚಂದ ಹೆಸರು ಎಂದು ಎರಡು ಸಲ ಹೇಳಿ, ಹಿಂದಿನ ಸೀಟಿನವರಿಗೂ ತಿಳಿಸಿದಳು. ಬಿಳಗಿಯಲ್ಲಿ ಬಸ್ಸು ನಿಂತ ಮೇಲೆ ಅಪ್ಪಯ್ಯ ನನಗೆ ಚಹಾ ಕೊಡಿಸಿದ. ಇಬ್ಬರೂ ಅಂಗಡಿಯ ಹೊರಗೆ ನಿಂತು ಕುಡಿದೆವು. ಲೋಟ ಕೆಳಗಿಟ್ಟು, ನನ್ನ ಮುಖ ನೋಡದೆ, ಚೊಲೋ ಹೆಸರಿಟ್ಟೆ ಎಂದ. ಅದರ ಮೇಲೆ ಅವನು ಸಾಯುವ ತನಕ ನಮ್ಮಿಬ್ಬರ ನಡುವೆ ಆ ಮಾತು ಬರಲಿಲ್ಲ.

ಆದರೆ ಆ ದಾರಿಯಲ್ಲಿ ಮಾಲತಿ ಬೆಳೆಯತೊಡಗಿದಳು. ಮಾಲತಿ ಮಗುಚಿಕೊಂಡಳೇ, ಮಾಲತಿಗೆ ಹಲ್ಲು ಬಂತೇ ಎಂದು ಜನ ಕೇಳುತ್ತಾರೆಂದು ಬಸ್ಸಿಗೆ ಬರುವ ಹುಡುಗರಿಂದ ನನಗೆ ತಿಳಿಯುತ್ತಿತ್ತು. ಅಪ್ಪಯ್ಯ ಅದಕ್ಕೆಲ್ಲ ಏನು ಉತ್ತರ ಹೇಳುತ್ತಿದ್ದನೋ ಕಾಣೆ. ಊಟದ ಹೊತ್ತಿಗೆ ಬಸ್ಸಿನ ಸುದ್ದಿ ಹೇಳುವುದನ್ನು ಮಾತ್ರ ಅವನು ನಿಲ್ಲಿಸಿಬಿಟ್ಟಿದ್ದ. ಸ್ವಲ್ಪ ಕಾಲಕ್ಕೆ ಡಿಪೋದಲ್ಲಿ ಕೇಳಿಕೊಂಡು ಯಲ್ಲಾಪುರದ ಗಾಡಿಗೆ ಬದಲಾಯಿಸಿಕೊಂಡ. ಇಷ್ಟು ವರ್ಷದ ರೂಟು ಎಂತಕ್ಕೆ ಬಿಟ್ಟಿದ್ದು ಎಂದು ಆಯಿ ಕೇಳಿದರೆ, ಆ ರಸ್ತೆ ಹಾಳಾಯ್ದು ಎಂದ.

ಆಯಿ ಈಗ ಯಲ್ಲಾಪುರದಲ್ಲಿ ನಮ್ಮ ಜೊತೆಗಿದ್ದಾಳೆ. ಅವಳ ಮಗಳಿಗೆ ಒಂದು ಹೆಸರಿತ್ತು, ಒಂದು ಬಸ್ಸಿನ ತುಂಬ ಜನ ಅವಳನ್ನು ಆ ಹೆಸರಿನಿಂದ ಕರೆದಿದ್ದರು, ಅವಳಿಗಾಗಿ ಸಂತೋಷಪಟ್ಟಿದ್ದರು ಎಂಬುದು ಆಯಿಗೆ ಗೊತ್ತಿಲ್ಲ. ಹೇಳಬೇಕೆಂದು ಎಷ್ಟೋ ಸಂಜೆ ಅವಳ ಎದುರು ಹೋಗಿ ಕೂರುತ್ತೇನೆ. ಎಂತ ಮಗಾ ಎನ್ನುತ್ತಾಳೆ. ಎಂತ ಇಲ್ಲೆ ಎಂದು ಎದ್ದು ಬರುತ್ತೇನೆ.